ಹತ್ತೊಂಬತ್ತರ ಅಳತೆ

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಟೈಲರಮ್ಮ ಒಬ್ಬರೇ ಇರುತ್ತಾರೆ. ಮುಂದೆ ಮೆಷಿನ್ನು, ಹಿಂದೆ ಪರದೆ, ಪರದೆಯಾಚೆ ಒಂದು ಮಂಚ, ಒಂದು ಸ್ಟವ್ವು. ನನ್ನ ಮಗು ಕೆಮ್ಮಿದರೂ ನನಗೆ ಕೈಕಾಲು ಆಡುವುದಿಲ್ಲ. ಗಂಡ ಕೆಲಸಕ್ಕೆ ಹೋಗಿದ್ದರೆ ಮಗುವನ್ನೆತ್ತಿಕೊಂಡು ಅವರ ಬಳಿಗೇ ಓಡುತ್ತೇನೆ.

“ಕೆಮ್ಮಿದ್ದಕ್ಕೇ ಹೀಗಾದ್ರೆ, ನಾಳೆ ಸ್ಕೂಲಿಗೆ ಸೇರಿಸಿದಾಗ ಗೇಟ್ ಹತ್ರ ಹಾಸಿಗೆ ಹಾಸ್ಕೋತೀರೇನಮ್ಮಾ?” ಎನ್ನುತ್ತಾರೆ.

ಅವರ ಒಬ್ಬನೇ ಮಗ ಯುದ್ಧಕ್ಕೆ ಹೋದಾಗ ಅವನಿಗೆ ಹತ್ತೊಂಬತ್ತು. ಸತ್ತನೆಂದು ಯಾರೂ ಹೇಳಲಿಲ್ಲ. ಕಾಣೆಯಾಗಿದ್ದಾನೆ ಎಂದಷ್ಟೇ ತಿಳಿಸಿದರು. ಅಂದಿನಿಂದ ಪ್ರತಿ ವರ್ಷ ಅವನ ಹುಟ್ಟಿದ ದಿನಕ್ಕೆ ಟೈಲರಮ್ಮ ಒಂದು ಅಂಗಿ ಹೊಲಿಯುತ್ತಿದ್ದರು. ಅಳತೆಯೆಲ್ಲ ಊಹೆಯದು. ಮೊದಮೊದಲು ಭುಜ ಅಗಲವಾಯಿತು, ಆಮೇಲೆ ಸೊಂಟ. “ಅವರಪ್ಪಂಗೂ ಮೂವತ್ತಕ್ಕೇ ಹೊಟ್ಟೆ ಬಂತು, ಇವನು ಬಿಟ್ಟಾನಾ?” ಎಂದು ಟೇಪು ಸಡಿಲ ಬಿಡುವರು. ಹೊಸದು ಸಿದ್ಧವಾದ ದಿನವೇ ಹಿಂದಿನ ವರ್ಷದ್ದನ್ನು ಯಾರಿಗಾದರೂ ಕೊಟ್ಟುಬಿಡುವರು. ಅವನು ಬಿಟ್ಟುಹೋದ ಬಟ್ಟೆಗಳೂ ಎಂದೋ ಹಾಗೇ ಹೋಗಿದ್ದವು. ನನ್ನ ಗಂಡನ ಬಳಿಯೂ ಅಂಥದ್ದೊಂದಿದೆ.

ಮೊನ್ನೆ ಬೆಳಿಗ್ಗೆ ಸೇನೆಯವರಿಬ್ಬರು ಬಂದರು. ಗಡಿಯ ಗುಡ್ಡದಲ್ಲಿ ಸಿಕ್ಕ ಮೂಳೆಗಳು ಅವನವೇ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ, ಯುದ್ಧ ಶುರುವಾದ ತಿಂಗಳಲ್ಲೇ ತೀರಿಕೊಂಡಿದ್ದಾನೆ ಎಂದರು. ಪೆಟ್ಟಿಗೆಯಲ್ಲಿಡಲು ಅವನದೊಂದು ಬಟ್ಟೆ ತೆಗೆದಿಡಿ, ನಾಳೆ ಬರುತ್ತೇವೆ ಎಂದು ಹೇಳಿ ಹೋದರು.

ಮಧ್ಯಾಹ್ನ ನಾನು ಕೆಳಗಿಳಿದಾಗ ಟೈಲರಮ್ಮ ಈ ವರ್ಷದ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದರು.

“ಚೆನ್ನಾಗೇ ಇತ್ತಲ್ಲಾ, ಹಾಗೇ ಕೊಡಬಹುದಿತ್ತು,” ಎಂದೆ.

“ಯಾರದಮ್ಮಾ ಇದು? ಇಷ್ಟು ದೊಡ್ಡ ಮಗ ನಂಗೆ ಇರ್ಲೇ ಇಲ್ಲ.”

ಅವರು ಸೊಂಟ ಕಿರಿದು ಮಾಡಿದರು, ಭುಜ ಒಳಕ್ಕೆ ಹಿಡಿದರು. ತೋಳಿಗೆ ಬಂದಾಗ ಕತ್ತರಿ ನಿಂತಿತು.

“ವರ್ಷವರ್ಷ ಹಿಗ್ಗಿಸಿ ಹಿಗ್ಗಿಸಿ, ಆಗಿಂದು ಎಷ್ಟಿತ್ತು ಅನ್ನೋದೇ ಮರೆತೋಯ್ತಲ್ಲ.” ಕತ್ತರಿ ಕೆಳಗಿಟ್ಟರು. “ನಾನು ಮೆಷಿನ್ ಮುಂದೆ ಕೂತಿದ್ರೆ ಹಿಂದಿನಿಂದ ಬಂದು ಕುತ್ತಿಗೆಗೆ ಕೈ ಹಾಕ್ತಿದ್ದ. ತೋಳಿನ ಗುಂಡಿ ಚುಚ್ಚತ್ತೆ, ತೆಗಿಯೋ ಕತ್ತೆ, ಅಂತ ಬೈತಿದ್ದೆ. ನೀವೊಂದ್ಸಲ ಹಾಗೆ ಕೈ ಹಾಕಿ, ನೋಡೋಣ.”

ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಅವರ ಬೆನ್ನ ಹಿಂದೆ ನಿಂತು, ಹೆಗಲ ಮೇಲಿಂದ ಕೈ ಚಾಚಿದೆ.

“ಇನ್ನೂ ಮುಂದೆ. ಹಾಂ, ಇಲ್ಲೇ ಚುಚ್ತಿತ್ತು.”

ನನ್ನ ಭುಜದಿಂದ ಅಲ್ಲಿಯವರೆಗೆ ಟೇಪು ಹಿಡಿದು ಅಳೆದರು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಗೆರೆ ನೇರವಾಗಿಯೇ ಬಂದಿತ್ತು. ನಾನು ಕೈ ತೆಗೆಯಲು ಹೊರಟೆ.

“ಇರಿ ತಾಯಿ,” ಎಂದರು ಟೈಲರಮ್ಮ. “ಇನ್ನೊಂದ್ಸಲ ಅಳೀತೀನಿ.”