ಬಸ್ಸು ಹತ್ತಿದ ತವರು

ಕಿರಿಮಂಜೇಶ್ವರದಲ್ಲಿ ಮೀನು ಮಾರುವ ಗುಲಾಬಿಯ ಎರಡನೇ ಮಗು ೧೯೯೭ರಲ್ಲಿ ಹುಟ್ಟಿ, ಮೂರನೇ ದಿನವೇ ಮೈ ನೀಲಿಗಟ್ಟಿ ತೀರಿಕೊಂಡಿತ್ತು. ಹೃದಯದಲ್ಲಿ ದೋಷವಿತ್ತೆಂದು ತಿಳಿದದ್ದು ಆಮೇಲೆ.

೨೦೧೫ರಲ್ಲಿ ದೊಡ್ಡ ಮಗಳು ಶ್ರಾವ್ಯ ಚೊಚ್ಚಲ ಬಸುರಿ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಕೂಸಿನ ಹೃದಯದ ರಕ್ತನಾಳಗಳು ಅದಲುಬದಲಾಗಿರುವುದು ಕಂಡಿತು. ಹುಟ್ಟಿದೊಡನೆ ಆಪರೇಷನ್ ಮಾಡಿದರೆ ಉಳಿಸಬಹುದು, ಹೆರಿಗೆ ಮಂಗಳೂರಿನಲ್ಲೇ ಆಗಲಿ ಎಂದರು ಡಾಕ್ಟರು.

ದಿನ ಹತ್ತಿರವಾದಾಗ ತವರಲ್ಲಿ ಆಗಬೇಕಾದ್ದು ಮಂಗಳೂರಿನಲ್ಲಾಗುತ್ತದಲ್ಲ ಎಂದು ಶ್ರಾವ್ಯಳ ಅತ್ತೆ ಮುಖ ಸಣ್ಣ ಮಾಡಿದರು. "ಚೊಚ್ಚಲ ಬಾಣಂತನ ತವರಲ್ಲೇ ಆಯ್ಕಲ್ದಾ, ಗುಲಾಬಕ್ಕ?"

ಗುಲಾಬಿ ಮೀನಿನ ಬುಟ್ಟಿಯನ್ನು ಕವುಚಿಟ್ಟು, ಬಾಣಂತಿ ಮದ್ದನ್ನೂ ಹಳೇ ಸೀರೆಗಳನ್ನೂ ಚೀಲಕ್ಕೆ ತುಂಬಿದಳು.

"ಅಂದ್ ಗೊತ್ತಿಲ್ದೆ ಕಳ್ಕಂಡೆ. ಈಗ ಮೊದ್ಲೇ ಗೊತ್ತಾಯ್ತಲೆ, ಹೆದ್ರುಕೆ ಎಂತ ಇತ್ತ್? ತವರ್ ನನ್ನೊಟ್ಟಿಗೆ ಬಸ್ಸಿಗ್ ಬತ್ತ್!"