ಹಿಂದ್ ಕಡೆಯ ಗಾಳಿ

ಅರಬ್ ನಾಡಿನ ಅಲ್ ಗುಬ್ರಾದ ಇಂಡಿಯನ್ ಶಾಲೆಯೊಂದರಲ್ಲಿ ನಾನು ಇತಿಹಾಸದ ಟೀಚರ್. ಪೋರ್ಚುಗೀಸರು ಸಮುದ್ರಮಾರ್ಗ ಹುಡುಕಿಕೊಂಡು ಬಂದ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ಅವರ ಹಡಗುಗಳು ಕಂಡ ಕರಾವಳಿಯನ್ನು ನೀರಿನ ಮೇಲಿಂದಲೇ ನೋಡುವ ಆಸೆಯಿತ್ತು. ಮೇ ಕೊನೆಯ ಒಂದು ರಜೆಯಲ್ಲಿ ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಗಂಡನೊಂದಿಗೆ ಬಂದರು ಪಟ್ಟಣವಾದ ಸೂರ್‌ಗೆ ಹೋಗಿ, ಒಬ್ಬ ವೃದ್ಧ ನಾವಿಕರ ಮರದ ದೋಣಿ ಹತ್ತಿದೆ. ಅದು ಅವರ ತಂದೆ ಕಟ್ಟಿದ ದೋಣಿ.

ಊರು ಮಸುಕಾದ ಮೇಲೆ ಇಂಜಿನ್ ಕೆಮ್ಮಿ ನಿಂತಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ವೈರ್‌ಲೆಸ್ ಬರೇ ಗೊರಗುಟ್ಟಿತು. ಯಂತ್ರಗಳ ನಡುವೆಯೇ ಕೆಲಸ ಮಾಡುವ ನನ್ನ ಗಂಡ ಬಹಳ ಹೊತ್ತು ಒದ್ದಾಡಿ ಎದ್ದರು.

"ಆಗುದಿಲ್ಲ ಮಾರಾಯ್ತಿ. ಒಳಗೆ ಎಂತದೋ ತುಂಡಾಗಿದೆ."

"ಇನ್ನು ಎಂತ ಮಾಡುದು?"

ಅವರು ಎಣ್ಣೆಗೈ ಒರೆಸುತ್ತಾ ದಡದ ಕಡೆ ನೋಡಿದರು. ನೈಋತ್ಯದ ಗಾಳಿ ನಮ್ಮನ್ನು ದಡದಿಂದ ದೂರಕ್ಕೆ ತಳ್ಳುತ್ತಿತ್ತು.

"ಹವಾ ಹಿಂದ್ ಜಾತಾ ಹೈ," ಎಂದರು ವೃದ್ಧ ನಾವಿಕರು, ಹರಕು ಹಿಂದಿಯಲ್ಲಿ. ಗಾಳಿ ಹೋಗುವುದು ನಮ್ಮ ದೇಶದ ಕಡೆಗೇ.

ಪೋರ್ಚುಗೀಸರಿಗೆ ಭಾರತದ ದಾರಿ ತೋರಿಸಿದ್ದು ಇದೇ ಗಾಳಿ. ಮರಳುವಾಗ ಅದು ತಿರುಗುವವರೆಗೆ ಕಾಯದೆ ಹೊರಟವರು ತಿಂಗಳುಗಟ್ಟಲೆ ಈ ಕಡಲಲ್ಲಿ ಸಿಕ್ಕಿಬಿದ್ದರು. ತಾಜಾ ಆಹಾರವಿಲ್ಲದೆ ಒಸಡು ಬಾತು ಸತ್ತರು. ನಮ್ಮ ಪಠ್ಯದಲ್ಲಿ ಅದಕ್ಕೆ ಒಂದೇ ಸಾಲು. ಬಾಟಲಿಯ ತಳದ ನೀರನ್ನು ಮುಚ್ಚಳದಲ್ಲಿ ಅಳೆದು ಮೂವರಿಗೆ ಹಂಚಿದೆ.

ದೊಡ್ಡ ಸರಕು ಹಡಗೊಂದು ಹಾದುಹೋಯಿತು. ಗಂಟಲು ಹರಿಯುವಂತೆ ಕೂಗಿದೆವು. ಅದು ನಿಲ್ಲಲಿಲ್ಲ. "ಮಕ್ಕಳಿಗೆ ಯಾರು ಹೇಳ್ತಾರೆ?" ಎಂದು ಗಂಡ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾವಿಕರು ಹಳೆಯ ಹಗ್ಗಗಳನ್ನು ಡೀಸೆಲ್‌ನಲ್ಲಿ ಅದ್ದಿ ತಗಡಿನ ಡಬ್ಬಿಯಲ್ಲಿ ಸುಟ್ಟರು. ಹಗ್ಗ ಮುಗಿದಾಗ ತಮ್ಮ ತಲೆವಸ್ತ್ರವನ್ನೂ ಹಾಕಿದರು. ಆ ಕಪ್ಪು ಹೊಗೆ ಕಂಡು, ಬೆಳಕು ಇಳಿಯುವ ಮುಂಚೆ ಒಂದು ಮೀನುಗಾರರ ಲಾಂಚ್ ಬಂತು.

ಅವರು ನಮ್ಮನ್ನು ಲಾಂಚಿಗೆ ಹತ್ತಿಸಿಕೊಂಡು, ನಮ್ಮ ದೋಣಿಯನ್ನು ತಮ್ಮ ಹಗ್ಗದಿಂದ ಹಿಂದಕ್ಕೆ ಬಿಗಿದರು. ನಾವು ಬದುಕಿದೆವು. ಆದರೆ ಎಳೆದುಕೊಂಡು ಹೊರಟ ದೋಣಿಯ ಹಲಗೆ ಅಲೆಯ ಹೊಡೆತಕ್ಕೆ ಬಿಚ್ಚಿ ನೀರು ನುಗ್ಗಿತು. ಲಾಂಚೂ ವಾಲತೊಡಗಿತು.

"ಖಲಾಸ್! ಕಾಟೋ!" ಮುಗಿಯಿತು, ಹಗ್ಗ ಕತ್ತರಿಸಿ ಎಂದು ಲಾಂಚಿನವರು ಅರಚಿದರು.

ವೃದ್ಧ ನಾವಿಕರು ತಮ್ಮ ಸೊಂಟದ ಕತ್ತಿ ತೆಗೆದರು, ಯಾರಿಗೂ ಕೊಡಲಿಲ್ಲ. ಹಗ್ಗವನ್ನು ತಾವೇ ಕೊಯ್ದರು. ದೋಣಿ ಮುಳುಗುವವರೆಗೂ ಅತ್ತಲೇ ನೋಡುತ್ತಾ ನಿಂತಿದ್ದರು. ಸೂರ್ ತಲುಪಿದ ಮೇಲೂ ಅವರು ಲಾಂಚಿನಿಂದ ಇಳಿಯಲಿಲ್ಲ. ಇಳಿದಿದ್ದ ನನ್ನ ಗಂಡ ಮತ್ತೆ ಹತ್ತಿ, ಅವರ ಪಕ್ಕದಲ್ಲಿ ಕುಳಿತರು.