ಬಾಗಿನದಲ್ಲಿ ಬಂದ ಡಬ್ಬಿ

ನನ್ನ ಸೋದರಮಾವನ ಮಗಳು ಗಂಜಾಂನಲ್ಲಿದ್ದಾಳೆ. ವರಸೆಯಲ್ಲಿ ನನಗೆ ಅತ್ತಿಗೆ. ಮಾವ ತೀರಿಕೊಂಡ ಮೇಲೆ ಅವಳಿಗೂ ನಮಗೂ ಹೋಗಿಬರುವುದು ನಿಂತೇ ಹೋಗಿತ್ತು. ಅಂಥವಳು ಇದ್ದಕ್ಕಿದ್ದಂತೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ನನ್ನನ್ನು ವಿಚಾರಿಸಿಕೊಳ್ಳತೊಡಗಿದಳು. ತಿಂಡಿ ಆಯಿತಾ, ಮಂಡಿನೋವು ಹೇಗಿದೆ, ಮಗಳ ಪರೀಕ್ಷೆ ಏನಾಯಿತು. ಜೊತೆಗೊಂದು ಗುಲಾಬಿ ಹೂವಿನ ಚಿತ್ರ. ಯಾರಾದರೂ ಸುಮ್ಮಸುಮ್ಮನೆ ಇಷ್ಟು ಪ್ರೀತಿ ತೋರಿಸಿದರೆ ನನಗೆ ಭಯವಾಗುತ್ತದೆ. ಹುಟ್ಟುಗುಣ, ಏನು ಮಾಡಲಿ.

ಆಮೇಲೆ ವಿಷಯ ಹೊರಬಿತ್ತು. ಯಾವುದೋ ಕಂಪನಿಯ ಆರೋಗ್ಯದ ಪುಡಿ. ಕೊಂಡವರು ಸದಸ್ಯರಾಗಬೇಕು, ತಮ್ಮ ಕೆಳಗೆ ಇನ್ನಷ್ಟು ಜನರನ್ನು ಸೇರಿಸಬೇಕು. ಹೇಗೆ ಸೇರಿಸುವುದು ಅನ್ನುವುದಕ್ಕೆ ಆನ್‌ಲೈನ್ ಕ್ಲಾಸು. ಪಾಂಡವಪುರದ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತ ಆ ಗುಟ್ಟನ್ನು ನನಗೂ ಹೇಳಿಕೊಟ್ಟಳು.

“ಮೊದ್ಲು ಮಾಲಿನ ಸುದ್ದಿನೇ ಎತ್ಬಾರ್ದು ಕಣೇ. ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳ್ಕಂಡೇ ಇರ್ಬೇಕು. ಅವ್ರಿಗೆ ಏನು ಕೊರತೆ ಅಂತ ಗೊತ್ತಾಗ್ಬುಟ್ರೆ ಸಾಕು, ಮಾಲು ತಾನಾಗೇ ಓಗ್ತದೆ.”

“ನಂಗೇನೂ ಕೊರತೆ ಇಲ್ಲ, ಬುಡು ಅತ್ಗೆ” ಅಂದೆ. ಅವಳು ನಕ್ಕು ಲೋಟ ಕೆಳಗಿಟ್ಟಳು. ಅವ್ವ ಹೇಗಿದ್ದಾಳೆ ಎಂದು ಕೇಳಿದಳು.

ಅವ್ವ, ಅಪ್ಪ ಕೆ.ಆರ್.ಪೇಟೆ ಹತ್ತಿರದ ನಮ್ಮೂರಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾರೆ. ಮಾವ ಇದ್ದಷ್ಟು ವರ್ಷ ಗೌರಿ ಹಬ್ಬಕ್ಕೆ ತಪ್ಪದೆ ಅವ್ವನಿಗೆ ತವರಿನ ಬಾಗಿನ ತರುತ್ತಿದ್ದರು. ಅವರು ಹೋದ ಮೇಲೆ ಅದೂ ಹೋಯಿತು. ಅಕ್ಕಪಕ್ಕದ ಹೆಂಗಸರು ತವರಿನಿಂದ ಬಂದ ಮೊರ ತೆರೆದು ತೋರಿಸುವಾಗ ಅವ್ವ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಕಳೆದ ಗೌರಿ ಹಬ್ಬಕ್ಕೆ ನಾನು ಅಲ್ಲೇ ಇದ್ದೆ. ಅತ್ತಿಗೆ ಜೋಡಿ ಮೊರ ಹಿಡಿದುಕೊಂಡು ಬಸ್ಸಿಳಿದು ಬಂದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಅವಳೂರಿನ ನಿಮಿಷಾಂಬೆ ಗುಡಿಯ ಕುಂಕುಮ. ಅವುಗಳ ನಡುವೆ ಹಸಿರು ಮುಚ್ಚಳದ ಪುಡಿ ಡಬ್ಬಿ. ಅವ್ವ ಸೆರಗು ಹೊದಿಸಿ ಮೊರ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. “ನಮ್ಮಣ್ಣನೇ ಬಂದಂಗಾಯ್ತು ಕಣವ್ವ” ಅಂದಳು.

ನಮ್ಮಲ್ಲಿ ಬಾಗಿನದಲ್ಲಿ ಬಂದದ್ದನ್ನು ಬೇಡ ಅನ್ನುವಂತಿಲ್ಲ, ಬಿಸಾಡುವುದಂತೂ ದೂರದ ಮಾತು. ಹಾಗೆ ಮಾಡಿದರೆ ತವರಿಗೆ ಕೇಡು ಬಯಸಿದಂತೆ. ಕ್ಲಾಸಿನಲ್ಲಿ ಪಾಠ ಮಾಡುವವರಿಗೆ ಇದು ಗೊತ್ತಿರಲಿಕ್ಕಿಲ್ಲ. ಇದು ಅತ್ತಿಗೆಯ ಸ್ವಂತ ಬುದ್ಧಿ.

ಅವ್ವನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅತ್ತಿಗೆ ಅವಳ ಕೆನ್ನೆ ಸವರಿ, “ಇದ ಕುಡಿಯೋರು ಸಕ್ಕರೆ ಗುಳಿಗೆ ನುಂಗೋದೇ ಬ್ಯಾಡ ಅತ್ತೆ. ಎರಡೂ ತಗಂಡ್ರೆ ಪುಡಿ ಕೆಲ್ಸ ಮಾಡಲ್ಲ” ಅಂದಳು. ಅವಳು ಹೋದ ಮೇಲೆ ಅವ್ವನ ಜೊತೆ ಜಗಳಕ್ಕೇ ಬಿದ್ದೆ. ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡ ಅಂತ ಗೋಗರೆದೆ.

“ಡಾಕ್ಟ್ರೇನು ನನ್ ತವರೋರಾ?” ಅಂದಳು ಅವ್ವ.

ಗುಳಿಗೆ ಬಿಟ್ಟು ಪುಡಿ ಕುಡಿಯತೊಡಗಿದ ಅವ್ವ ಅಲ್ಲಿಂದ ಮುಂದೆ ಇಳಿಯುತ್ತಾ ಬಂದಳು. ರವಿಕೆ ತೋಳು ಜೋಲಾಡಿತು, ಬಳೆ ಮೊಣಕೈವರೆಗೂ ಜಾರಿತು. ಊರಿನವರು ಮೆಚ್ಚಿಕೊಂಡರು. ಎಷ್ಟು ನೀರು ಕುಡಿದರೂ ಅವಳ ದಾಹ ತೀರುತ್ತಿರಲಿಲ್ಲ. ಅವ್ವ ಉಚ್ಚೆಗೆ ಕೂರುವ ಬಚ್ಚಲ ಮೂಲೆಯಲ್ಲಿ ಇರುವೆ ಮುತ್ತುತ್ತಿವೆ ಅಂತ ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಓಡಿದೆ. ಅವ್ವ ಮನೆಯಲ್ಲಿರಲಿಲ್ಲ. ಅತ್ತಿಗೆ ಕಾರು ಮಾಡಿಕೊಂಡು ಬಂದು ಮೇಲುಕೋಟೆಗೆ ಕರೆದೊಯ್ದಿದ್ದಳು.

ಸಂಜೆಗೆ ಅತ್ತಿಗೆಯ ಸ್ಟೇಟಸ್ಸಿನಲ್ಲಿ ಅವ್ವ ಬಂದಳು. ಒಂದು ಕಡೆ ಹಳೆಯ ಮದುವೆಯೊಂದರಲ್ಲಿ ತುಂಬಿಕೊಂಡಿದ್ದ ಅವ್ವ, ಇನ್ನೊಂದು ಕಡೆ ಹೊಸ ಸೀರೆಯುಟ್ಟು ಬೆಟ್ಟದ ಮೆಟ್ಟಿಲ ಮೇಲೆ ನಿಂತ, ಕೆನ್ನೆ ಒಳಗೆ ಹೋದ ಅವ್ವ. ‘ಗುಳಿಗೆ ಬಿಟ್ಟರು, ಹಗುರಾದರು’ ಅಂತ ಬರೆದು ಕೆಳಗೆ ಅವ್ವನ ಫೋನ್ ನಂಬರನ್ನೂ ಹಾಕಿದ್ದಳು. ಆ ಫೋಟೋ ಯಾವ ಯಾವ ಊರಿನ ಗುಂಪುಗಳಿಗೆ ಹೋಯಿತೋ ದೇವರೇ ಬಲ್ಲ. ಕಂಡು ಕೇಳರಿಯದ ಹೆಂಗಸರು ಅವ್ವನಿಗೆ ಫೋನು ಮಾಡತೊಡಗಿದರು. ಅವ್ವ ಅವರ ಮಕ್ಕಳುಮರಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು, ಮನಸಾರೆ. ಅದರಲ್ಲಿ ಕಪಟವೇ ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಅತ್ತಿಗೆಗೆ ಫೋನು ಮಾಡಿ ಕೂಗಾಡಿದೆ. “ಅವ್ವ ಸಣ್ಣ ಆಗ್ತಿಲ್ಲ, ಸೊರಗ್ತಾವ್ಳೆ. ಮೊದ್ಲು ಆ ಫೋಟೋ ತೆಗಿ.”

“ಮೊದಮೊದ್ಲು ಎಲ್ಲಾರ್ಗೂ ಅಂಗೇ ಅನ್ಸೋದು ಕಣೇ” ಅಂದಳು, ಬೆಣ್ಣೆಯಂಥ ದನಿಯಲ್ಲಿ. “ಊಟ ಆಯ್ತಾ ನಿಂದು?”

ಹುಲ್ಲು ಹಾಕಲು ಹೋದ ಅವ್ವ ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲೇ ಬಿದ್ದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಸಕ್ಕರೆ ಮಿತಿಮೀರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಜೀವಕ್ಕೇ ಸಂಚಕಾರವಿತ್ತು ಅಂತ ಡಾಕ್ಟರು ನನ್ನನ್ನೇ ಬೈದರು. ಮಾರನೆಯ ದಿನ ಅವ್ವ ಕಣ್ಣುಬಿಟ್ಟಳು. ಗುಳಿಗೆ ಬಿಟ್ಟು ಪುಡಿ ನಂಬಿದ್ದರಿಂದಲೇ ಹೀಗಾದದ್ದು ಅಂತ ಬಿಡಿಸಿ ಹೇಳಿದೆ. ಅವಳು ಕುಡಿಯಲು ನೀರು ಕೇಳಿದಳು.

ಆಗ ನನ್ನ ಕೈಚೀಲದಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ನಾಗಮಂಗಲದ ಯಾರೋ ಹೆಂಗಸು.

“ಅಕ್ಕಾ, ನಿಮ್ ಫೋಟೋ ನೋಡಿ ಸುರು ಮಾಡ್ದೆ. ಗುಳಿಗೆ ಬುಟ್ಬುಟ್ಟೆ. ನಂಗೂ ರವಿಕೆ ಸಡ್ಲ ಆಯ್ತಾ ಅದೆ ಕಣಕ್ಕ. ಬಾಯೊಂದು ಒಣಗ್ತದೆ, ಅಷ್ಟೆಯಾ.” ದನಿ ತುಂಬ ಸಂತೋಷ.

“ಇವತ್ತೇ ಗುಳಿಗೆ ನುಂಗವ್ವ” ಅಂದೆ. “ನಾನವ್ರ ಮಗಳು. ಅವ್ವ ಆಸ್ಪತ್ರೆಲಿ ಮಲಗವ್ಳೆ. ಗುಳಿಗೆ ಬುಟ್ಟು ಆ ಪುಡಿ ಕುಡಿದೇ ಇಂಗಾಗಿರೋದು.”

“ನೀವ್ಯಾರೋ ನಂಗೊತ್ತಿಲ್ಲ. ಅಕ್ಕನ ಕೈಗೆ ಕೊಡಿ. ಅಕ್ಕ ಏಳಿದ್ರೆ ನುಂಗ್ತೀನಿ.”

ಫೋನನ್ನು ಅವ್ವನ ಕಿವಿಗೆ ಹಿಡಿದೆ. ಒಂದೇ ಒಂದು ಮಾತು ಹೇಳವ್ವ ಅಂತ ಅವಳ ಕೈ ಹಿಡಿದು ಬೇಡಿಕೊಂಡೆ. ಅಕ್ಕಾ ಅಕ್ಕಾ ಅಂತ ಆ ಹೆಂಗಸು ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಅವ್ವ ನನ್ನ ಮುಖ ನೋಡಿದಳು, ಒಣಗಿದ ತುಟಿ ಸವರಿಕೊಂಡಳು.

“ನಾನು ಸೆಂದಾಗಿವ್ನಿ ಕಣವ್ವ” ಅಂದಳು. “ನಮ್ಮಣ್ಣನ ಮಗಳು ಕೊಟ್ಟಿದ್ದು ಅದು. ಬುಡ್ಬ್ಯಾಡ, ಕುಡಿ.”